ಅಂಬರನಾಥದ ಎರಡನೇ ಮಹಡಿ

2022ರ ಸೆಪ್ಟೆಂಬರಿನಲ್ಲಿ ನಾನು ಎರಡು ಬ್ಯಾಂಕುಗಳ ಪ್ಯಾನೆಲ್‌ನಲ್ಲಿ ವ್ಯಾಲ್ಯುಯರ್ ಆಗಿದ್ದೆ. ಮನೆಸಾಲ ಕೊಡುವ ಮೊದಲು ಬ್ಯಾಂಕು ಒಬ್ಬ ಸಿವಿಲ್ ಇಂಜಿನಿಯರನ್ನು ಸ್ಥಳಕ್ಕೆ ಕಳುಹಿಸುತ್ತದೆ. ಮನೆ ನಿಜವಾಗಿ ಇದೆಯೇ, ಮಂಜೂರಾದ ನಕ್ಷೆಯಂತೆಯೇ ಇದೆಯೇ, ಎಷ್ಟು ಬೆಲೆ ಬಾಳುತ್ತದೆ ಎಂದು ಆ ಇಂಜಿನಿಯರು ವರದಿ ಬರೆಯಬೇಕು. ಠಾಣೆ, ಕಲ್ಯಾಣ, ಅಂಬರನಾಥ, ಈಚೆಗೆ ನವಿ ಮುಂಬಯಿ, ಇಷ್ಟು ನನ್ನ ವ್ಯಾಪ್ತಿ. ಮನೆ ಮತ್ತು ಒಂದು ಕೋಣೆಯ ಆಫೀಸು ಡೊಂಬಿವಲಿಯಲ್ಲಿ. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿ ಕಳೆದ ವರ್ಷ ನಿಲ್ಲಿಸಿದೆ.

ಕೆಲಸದ ಉದ್ದಕ್ಕೂ ಎರಡು ಪುಸ್ತಕ ಇಟ್ಟುಕೊಂಡಿದ್ದೆ. ಫೀಲ್ಡ್ ಬುಕ್ಕಿನಲ್ಲಿ ಅಳತೆಗಳು, ದಿನಚರಿಯಲ್ಲಿ ಉಳಿದದ್ದು. ಈಗ ಹೇಳಹೊರಟಿರುವ ಪ್ರಕರಣವನ್ನು ಎರಡನ್ನೂ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ನೆನಪನ್ನು ಮಾತ್ರ ನಂಬಿದ್ದರೆ ಇದರಲ್ಲಿ ನನ್ನ ತಪ್ಪು ಅರ್ಧಕ್ಕರ್ಧ ಕಡಿಮೆಯಾಗಿರುತ್ತಿತ್ತು.

ಠಾಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಬ್ಯಾಂಕ್ ಶಾಖೆಯ ಹತ್ತಿರ ಉಡುಪಿ ಕಡೆಯ ಪ್ರಭಾಕರ ಎಂಬವರ ಹೋಟೆಲ್ ಇತ್ತು. ನಾನೂ ಆ ಕಡೆಯವಳೇ ಆದ್ದರಿಂದ ವಾರಕ್ಕೆರಡು ಸಲ ಅಲ್ಲಿ ಕಾಫಿ ಕುಡಿಯುವುದು, ತುಳುವಿನಲ್ಲಿ ನಾಲ್ಕು ಮಾತಾಡುವುದು ರೂಢಿ. ಗಲ್ಲಾಪೆಟ್ಟಿಗೆಯ ಗಾಜಿನ ಕೆಳಗೆ ಅವರು ನನ್ನ ವಿಸಿಟಿಂಗ್ ಕಾರ್ಡ್ ಇಟ್ಟಿದ್ದರು. ಆ ಕಾರ್ಡು ನೋಡಿ ನನಗೆ ಫೋನ್ ಮಾಡಿದ್ದು ಅವರ ತಂಗಿ. ಇಲ್ಲಿ ಅವಳನ್ನು ಸುಮತಿ ಎನ್ನುತ್ತೇನೆ.

ಆಗ ಅವಳಿಗೆ ನಲವತ್ತನಾಲ್ಕು. ವಾಶಿಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಶಿಯನ್. ಮದುವೆ ಆಗಿರಲಿಲ್ಲ. ಹೋಟೆಲಿನ ಹಿಂದಿನ ಕಟ್ಟಡದಲ್ಲಿ ಅಣ್ಣ, ಅತ್ತಿಗೆ, ಅಣ್ಣನ ಮಗಳ ಜೊತೆ ಇದ್ದಳು. ಮನೆಗೆ ಒಂದೇ ಬೆಡ್‌ರೂಮು. ಇಪ್ಪತ್ತೊಂದು ವರ್ಷಗಳಿಂದ ಹಾಲ್‌ನಲ್ಲಿ, ಎಲ್ಲರೂ ಟಿವಿ ಆರಿಸಿ ಎದ್ದ ಮೇಲೆ ಹಾಸಿಗೆ ಬಿಡಿಸಿ, ಎಲ್ಲರೂ ಏಳುವ ಮೊದಲು ಮಡಚಿಡುವವಳು.

"ನಂಗೆ ಅಲ್ಲಿ ಯಾರೂ ಒಂದು ಮಾತು ಬೈದವರಿಲ್ಲ ಅಕ್ಕ. ಕಷ್ಟ ಇರುದೇ ಅದ್ರಲ್ಲಿ. ಬೈದಿದ್ರೆ ಹೊರಡ್ಲಿಕ್ಕೆ ಒಂದು ಕಾರಣ ಆದ್ರೂ ಸಿಗ್ತಿತ್ತು" ಎಂದಳು ಮೊದಲ ದಿನ.

ಸಾಲದ ಅರ್ಜಿ ಹಾಕುವ ಮೊದಲೇ, ಮನೆ ಹುಡುಕುವ ಹಂತದಲ್ಲೇ ಇಂಜಿನಿಯರನ್ನು ಕರೆದ ಗ್ರಾಹಕರು ನನ್ನ ಅನುಭವದಲ್ಲಿ ಇಬ್ಬರೋ ಮೂವರೋ. ಸುಮತಿ ನನ್ನ ಫೀಸು ಕೇಳಿ, ನಾಲ್ಕು ಭಾನುವಾರ ಕಾದಿರಿಸಿದಳು. ಅವಳ ಬೇಡಿಕೆ ಚಿಕ್ಕದು. ಪೇಟೆ ಹತ್ತಿರ ಇರಬೇಕು, ಪೇಟೆಯ ಸದ್ದು ಇರಬಾರದು. ಲ್ಯಾಬಿನಿಂದ ಬಂದು ಕಿಟಕಿ ತೆರೆದರೆ ಮರ ಕಾಣಬೇಕು. ಬಾಗಿಲ ಮೇಲೆ ಅವಳ ಹೆಸರು ಒಂದೇ ಇರಬೇಕು.

ಮೊದಲ ಭಾನುವಾರ ಘೋಡಬಂದರ್ ರಸ್ತೆ. ಹೊಸ ಕಾಂಪ್ಲೆಕ್ಸಿನ ಹತ್ತೊಂಬತ್ತನೇ ಮಹಡಿ, ಈಜುಕೊಳ, ಕ್ಲಬ್‌ಹೌಸು. ಸೇಲ್ಸ್ ಆಫೀಸಿನ ತರುಣ ನಮ್ಮಿಬ್ಬರನ್ನೂ ಕೂರಿಸಿ ನೀರು ಕೊಟ್ಟು, "ಸರ್ ನಹೀ ಆಯೇ?", ಯಜಮಾನರು ಬರಲಿಲ್ಲವೇ ಎಂದ. ಸುಮತಿ ಮುಖ ಬದಲಿಸದೆ, "ಪಾರ್ಕಿಂಗ್ ಢೂಂಢ್ ರಹೇ ಹೈ", ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದಾರೆ ಎಂದಳು. ಅವನು ನಿಜವಾಗಿಯೂ ಕಾಯುತ್ತ ಕುಳಿತ. ಕಾಲು ಗಂಟೆಯ ಮೇಲೆ ಅವಳೇ ಎದ್ದು, ಕನ್ನಡದಲ್ಲಿ ನನಗೆ, "ಪಾಪ, ಅವರಿಗೆ ಜಾಗ ಸಿಗ್ಲಿಲ್ಲ ಕಾಣ್ತದೆ. ನಾವು ಹೋಗುವ" ಎಂದಳು. ಗೇಟಿನ ಹೊರಗೆ ಬಂದು ಇಬ್ಬರೂ ನಕ್ಕೆವು. ನನಗೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ಸೈಟುಗಳಲ್ಲಿ ಟೇಪು ಹಿಡಿದು ನಿಂತ ನನ್ನನ್ನೇ "ಸಾಹೇಬ್ ಕುಠೆ ಆಹೇತ್?", ಸಾಹೇಬರೆಲ್ಲಿ ಎಂದು ಕೇಳಿದವರೆಷ್ಟೋ ಮಂದಿ. ಪ್ರತಿ ಸಲವೂ "ಸಾಹೇಬ್ ನಾನೇ" ಎಂದು ಉತ್ತರಿಸಿ ಒಳಗೊಳಗೇ ಉರಿದವಳು ನಾನು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ಎರಡನೇ ಭಾನುವಾರ ಸಾನಪಾಡಾ. ಲ್ಯಾಬಿಗೆ ಒಂದೇ ಸ್ಟೇಷನ್, ಸೆಕ್ಟರಿನ ಒಳರಸ್ತೆಗಳಲ್ಲಿ ನೆರಳು, ಸಂಜೆ ಸೈಕಲ್ ಕಲಿಯುವ ಮಕ್ಕಳು. ಅವಳ ಕಣ್ಣು ಅರಳಿದ್ದು ನೆನಪಿದೆ. ಬೆಲೆ ಕೇಳಿದ ಮೇಲೆ, "ಇಲ್ಲಿ ನಂಗೆ ಬಾಲ್ಕನಿ ಮಾತ್ರ ಬರ್ತದೆ ಅಕ್ಕ. ಒಳಗೆ ಬೇರೆ ಯಾರಾದ್ರೂ ಇರ್ಲಿ" ಎಂದಳು. ಮೂರನೆಯದು ಡೊಂಬಿವಲಿಯಲ್ಲಿ, ನನ್ನ ಮನೆಯಿಂದ ಹತ್ತು ನಿಮಿಷ. ಆ ಕಟ್ಟಡಕ್ಕೆ ಕಂಪ್ಲೀಷನ್ ಸರ್ಟಿಫಿಕೇಟ್ ಇರಲಿಲ್ಲ, ಅಂದರೆ ಕಟ್ಟಿದ್ದು ನಕ್ಷೆಯಂತೆಯೇ ಇದೆ ಎಂದು ಪಾಲಿಕೆ ಒಪ್ಪಿದ ಕಾಗದ ಇರಲಿಲ್ಲ. ಬೇಡವೆಂದೆ. ಅವಳು ವಾದಿಸಲಿಲ್ಲ.

ನಾಲ್ಕನೆಯದು ಅಂಬರನಾಥ ಪೂರ್ವ. ಸ್ಟೇಷನ್ನಿನಿಂದ ಶಿವ ದೇವಸ್ಥಾನದ ಕಡೆ ಹೋಗುವಾಗ ಎಡಕ್ಕೆ ಒಂದು ಒಳರಸ್ತೆ. ಮೂರು ಮಹಡಿಯ ಎರಡು ಹಳೆಯ ಕಟ್ಟಡಗಳು, ನಡುವೆ ದೊಡ್ಡ ಮಳೆಮರ. ಗೇಟಿನಲ್ಲಿದ್ದ ವಾಚ್‌ಮನ್ ನಿಂಗಪ್ಪ ವಿಜಯಪುರದವನು. ನಮ್ಮ ಮಾತು ಕೇಳಿ ಕುರ್ಚಿಯಿಂದ ಎದ್ದ.

"ಕನ್ನಡ ಮಂದಿ ಏನ್ರಿ ಅಕ್ಕಾರ? ಬರ್ರಿ. ಗಾಳಿ ಬೆಳಕ ಛಲೋ ಐತ್ರಿ. ನೀರ ಮುಂಜಾನಿ ಒಂದ ತಾಸ, ಸಂಜಿಕ ಅರ್ಧಾ ತಾಸ. ಸುಳ್ಳ ಹೇಳಂಗಿಲ್ರಿ ನಾ."

"ಕಳ್ಳರ ಕಾಟ?" ಎಂದು ಕೇಳಿದೆ.

"ಇಲ್ಲಿ ಕದಿಯಾಕ ಏನೈತ್ರಿ? ಎಲ್ಲಾ ಪೆನ್ಷನ್ ಮಂದಿ. ಕಳ್ಳ ಬಂದ್ರ ಅವಂಗೂ ಚಾ ಕುಡಸಿ, ಮಂಡಿನೋವಿನ ಕಥಿ ಹೇಳಿ ಕಳಸ್ತಾರ."

ಎರಡನೇ ಮಹಡಿಯ ಮನೆ ಮಾಧವ ರಾಯರದು. ಕುಂದಾಪುರದ ಹತ್ತಿರದವರು, ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಲಿಫ್ಟಿಲ್ಲದ ಮನೆಯ ಮೆಟ್ಟಿಲು ಹತ್ತಲಾಗದೆ ಪುಣೆಯ ಮಗಳ ಹತ್ತಿರ ಹೋಗಲು ಹೊರಟಿದ್ದರು. ಫೀಲ್ಡ್ ಬುಕ್ಕಿನ ಪ್ರಕಾರ ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗೆ ನಾವು ನಿಜವಾಗಿ ಕಾಲಿಡುವ ಜಾಗ, 412 ಚದರಡಿ. ಹಾಲು, ಒಂದು ಬೆಡ್‌ರೂಮು, ಅಡುಗೆಮನೆ. ಬಾತ್‌ರೂಮಿನ ಗೋಡೆಯಲ್ಲಿ ಸ್ವಲ್ಪ ತೇವ, ಬಿಟ್ಟರೆ ದೋಷವಿಲ್ಲ. ಬೆಡ್‌ರೂಮಿನ ಕಿಟಕಿ ಪೂರ್ವಕ್ಕೆ. ಮಳೆಮರದ ಮೇಲುಭಾಗ, ಅದರಾಚೆ ಬೆಟ್ಟದ ಸಾಲು.

ನಾನು ಅಳತೆ ಮುಗಿಸಿ ಬಂದಾಗ ಸುಮತಿ ಆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಬಾಗಿಲು ಮುಚ್ಚಿದ್ದಳು. ನಾನು ತಟ್ಟಿದೆ. "ಬನ್ನಿ ಅಕ್ಕ" ಎಂದು ತೆರೆದಳು. "ಸುಮ್ಮನೆ ಮುಚ್ಚಿ ನೋಡಿದೆ. ಯಾರೂ ಕರೀಲಿಲ್ಲ" ಎಂದಳು.

ಇಲ್ಲಿಂದ ವಾಶಿಗೆ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಬೇಕು, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ರೈಲಿನಲ್ಲೇ ಹೋಗುತ್ತದೆ ಎಂದು ನಾನು ಲೆಕ್ಕ ಹೇಳಿದೆ. ಅವಳು ತಲೆಯಾಡಿಸಿದಳು. "ರೈಲಲ್ಲಿ ಕೂತ್ರೆ ಯಾರೂ ಕಾಫಿ ಮಾಡು ಅಂತ ಹೇಳುದಿಲ್ಲ ಅಲ್ವಾ."

ರಾಯರಿಗೆ ನಾವು ಊರಕಡೆಯವರು ಎಂದು ತಿಳಿದು ಬಹಳ ಖುಷಿಯಾಯಿತು. ಬೆಲೆಯಲ್ಲಿ ಸ್ವಲ್ಪ ಇಳಿದರು. ಆಮೇಲೆ ಹೇಳಿದರು: "ನಮ್ಮವರಿಗೇ ಹೋಗುದು ಒಳ್ಳೇದಾಯ್ತು. ಒಂದು ಒಳ್ಳೆ ದಿನ ನೋಡಿ ಮನೆಯಿಂದ ಹಿರಿಯರು ಯಾರಾದ್ರೂ ಬರ್ಲಿ. ದೇವರ ಮುಂದೆ ತೆಂಗಿನಕಾಯಿ ಇಟ್ಟು ಟೋಕನ್ ಮುಂಗಡ ತಗೊಳ್ತೇನೆ. ಅದು ನಮ್ಮ ಪದ್ಧತಿ ಅಲ್ವಾ?"

"ನಾನೇ ಬರ್ತೇನೆ ರಾಯರೇ. ತೆಂಗಿನಕಾಯಿ ನಾನೇ ತರ್ತೇನೆ" ಎಂದಳು ಸುಮತಿ.

"ನೀನು ಬಾ ಮಗ. ಜೊತೆಗೆ ಅಣ್ಣನೋ ಮಾವನೋ?"

"ಇನ್ಮೇಲೆ ಈ ಮನೆಗೆ ಹಿರಿಯಳು ನಾನೇ ಅಲ್ವಾ?"

ರಾಯರು ನಕ್ಕರು. ಆದರೆ ಆಗಲಿ ಎನ್ನಲಿಲ್ಲ.

ಅಂಬರನಾಥ ಸ್ಟೇಷನ್ನಿನ ಬೆಂಚಿನ ಮೇಲೆ ಅವಳು ನನಗೆ ಹೇಳಿದ ಮಾತು ದಿನಚರಿಯಲ್ಲಿ ಹಾಗೇ ಇದೆ. "ರಿಜಿಸ್ಟ್ರೇಷನ್ ಆಗುವ ತನಕ ಅಣ್ಣನಿಗೆ ಗೊತ್ತಾಗ್ಬಾರ್ದು. ಅವ ಕೋಪ ಮಾಡುದಿಲ್ಲ, ಅಳ್ತಾನೆ. ಅವ ಅತ್ತರೆ ನಂಗೆ ಆಗುದಿಲ್ಲ ಅಕ್ಕ, ನಾನು ಬಿಟ್ಟುಬಿಡ್ತೇನೆ. ಒಮ್ಮೆ ಸಹಿ ಆದ್ಮೇಲೆ ಅವ ಎಷ್ಟು ಅತ್ತರೂ ಕಾಗದ ಬದಲಾಗುದಿಲ್ಲ." ನಾನು ಆಗಲಿ ಎಂದೆ. ಅವಳು ಇದನ್ನು ನಗುತ್ತ ಹೇಳಿದಳೆಂದು ಬಹುಕಾಲ ನನ್ನ ನೆನಪು. ನಕ್ಕಳೆಂದು ದಿನಚರಿಯಲ್ಲಿ ಎಲ್ಲೂ ಇಲ್ಲ.

ಹತ್ತು ದಿನ ರಾಯರ ಫೋನ್ ಬರಲಿಲ್ಲ. ಸುಮತಿಯೇ ಎರಡು ಸಲ ಮಾಡಿದಳು. ಮೊದಲ ಸಲ ಪಿತೃಪಕ್ಷ ಮುಗಿಯಲಿ ಎಂದರು, ಎರಡನೇ ಸಲ ಮಗಳನ್ನು ಕೇಳಬೇಕು ಎಂದರು. ಈ ನಡುವೆ ಬೇರೆ ಯಾರೋ ಬಂದು ಮನೆ ನೋಡಿಹೋದರೆಂದು ನಿಂಗಪ್ಪ ನನಗೆ ತಿಳಿಸಿದ. "ಲಗೂನ ಮಾಡ್ರಿ ಅಕ್ಕಾರ. ಮುದುಕರ ಮನಸ ಮುಂಜಾನಿ ಒಂದ, ಸಂಜಿಗೊಂದ."

ನನಗೆ ಚಿಂತೆ ಹತ್ತಿತು. ಇಂಥ ಮನೆ ಅವಳ ಶಕ್ತಿಯೊಳಗೆ ಮತ್ತೆ ಸಿಗುವುದಿಲ್ಲವೆಂದು ನನ್ನ ಕಸುಬಿನಿಂದ ನನಗೆ ಗೊತ್ತಿತ್ತು. ರಾಯರನ್ನು ತಡೆಯುತ್ತಿದ್ದದ್ದು ಒಂದೇ ವಿಷಯ, ಎದುರಿಗೆ ಒಬ್ಬ ಗಂಡಸು ಬಂದು ಕೂರದೇ ಇದ್ದದ್ದು. ಪ್ರಭಾಕರರು ಒಳ್ಳೆಯವರು. ಹೋಗಿ ಎರಡು ಮಾತಾಡಿದರೆ ಮುಗಿಯಿತು. ಅಣ್ಣ ಅಳುತ್ತಾನೆ ಎಂದು ತಂಗಿ ಹೆದರುವುದು ಮನೆಯೊಳಗಿನ ಸಲಿಗೆಯ ಮಾತು, ಹೊರಗಿನವಳಾದ ನಾನು ಸಮಾಧಾನವಾಗಿ ವಿವರಿಸಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಹೀಗೆಲ್ಲ ಯೋಚಿಸಿದೆ. "ಸಾಹೇಬ್ ಕುಠೆ" ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷ ಉರಿದವಳು ಈಗ ಸುಮತಿಗಾಗಿ ಒಬ್ಬ ಸಾಹೇಬನನ್ನು ಹುಡುಕಿಕೊಂಡು ಹೊರಟೆ.

ಗುರುವಾರ ಬೆಳಗ್ಗೆ ಹನ್ನೊಂದು ಗಂಟೆ, ಹೋಟೆಲಿನಲ್ಲಿ ನಾಷ್ಟಾದ ಗಲಾಟೆ ಮುಗಿದು ಊಟದ ಗಲಾಟೆ ಶುರುವಾಗಿರಲಿಲ್ಲ.

"ಬನ್ನಿ ಮೇಡಂ, ಎಂತ ಸೆಕೆ. ಕಾಫಿಯಾ ಮಜ್ಜಿಗೆಯಾ?" ಎಂದರು ಪ್ರಭಾಕರ.

ನಾನು ಕಾಫಿ ಎಂದೆ. ಆಮೇಲೆ, ನಿಮ್ಮ ತಂಗಿ ಅಂಬರನಾಥದಲ್ಲಿ ಒಳ್ಳೆಯ ಮನೆ ಹುಡುಕಿದ್ದಾಳೆ, ಕಟ್ಟಡ ಗಟ್ಟಿಯಿದೆ, ಕಾಗದ ಸರಿಯಿದೆ, ಮಾಲೀಕರು ಊರಕಡೆಯವರು, ನೀವೊಮ್ಮೆ ಹೋಗಿ ಮಾತಾಡಿದರೆ ಆಗಿಬಿಡುತ್ತದೆ ಎಂದೆ. ಅವರು ಗಾಜಿನ ಮೇಲಿದ್ದ ನೀರಿನ ಹನಿಯನ್ನು ಹೆಗಲ ಮೇಲಿನ ಬೈರಾಸಿನಿಂದ ಒರೆಸಿದರು. ಒಣಗಿದ ಮೇಲೂ ಒರೆಸುತ್ತಿದ್ದರು.

"ನಮ್ಮಲ್ಲಿ ಎಂತ ಕಮ್ಮಿ ಆಯ್ತು ಮೇಡಂ ಅವಳಿಗೆ?"

"ಕಮ್ಮಿ ಆದದ್ದಲ್ಲ ಪ್ರಭಾಕರಣ್ಣ. ಅವಳದ್ದು ಅಂತ ಒಂದು ಬೇಕಲ್ಲ."

"ಹೌದು. ಬೇಕಲ್ಲ" ಎಂದರು. "ನಾನು ಹೋಗಿ ಮಾತಾಡ್ತೇನೆ." ಕಾಫಿಯ ದುಡ್ಡು ತೆಗೆದುಕೊಳ್ಳಲಿಲ್ಲ.

ಆ ದಿನದ ದಿನಚರಿಯಲ್ಲಿ ಹೀಗಿದೆ: "ಪ್ರ. ಅವರಿಗೆ ಮನೆಯ ವಿಷಯ ಹೇಳಿದೆ. ಸಂತೋಷಪಟ್ಟರು. ನಾಳೆ ಅಂಬರನಾಥಕ್ಕೆ ಹೋಗುತ್ತಾರೆ." ಅವರು ಕೇಳಿದ ಪ್ರಶ್ನೆ ಅದರಲ್ಲಿಲ್ಲ. ಅದು ನೆನಪಿನಲ್ಲಿ ಮಾತ್ರ ಇದೆ, ಬೈರಾಸಿನ ಸಮೇತ. ಸಂತೋಷಪಟ್ಟರು ಎಂದು ನಾನು ಯಾಕೆ ಬರೆದೆ? ಹಾಗೆ ಕಂಡಿತೋ, ಹಾಗೆ ಕಾಣಬೇಕಿತ್ತೋ, ಈಗ ಹೇಳಲಾರೆ. ನೆನಪಿನಂತೆ ದಿನಚರಿಯನ್ನೂ ಬರೆದವಳು ನಾನೇ ಅಲ್ಲವೇ.

ಮರುದಿನ ಮಧ್ಯಾಹ್ನ ಮಾಧವ ರಾಯರ ಫೋನ್ ಬಂತು.

"ಅವರ ಅಣ್ಣ ಬಂದಿದ್ರು ಮೇಡಂ. ಎಂತ ಒಳ್ಳೆ ಮನುಷ್ಯ. ಇಪ್ಪತ್ತು ವರ್ಷ ತಂಗಿಯನ್ನು ನೋಡಿಕೊಂಡವರು. ‘ಪೇಟೆಯವರೆಲ್ಲ ಅವಳನ್ನು ನಾನು ಹೊರಗೆ ಹಾಕಿದೆ ಅಂತ ಹೇಳ್ತಾರೆ, ನಿಮ್ಮ ತಂಗಿ ಹೀಗೆ ಮಾಡಿದ್ರೆ ನೀವೆಂತ ಮಾಡ್ತಿದ್ರಿ’ ಅಂತ ನನ್ನ ಮುಂದೆ ಕೂತು ಅತ್ತರು. ನನ್ನಿಂದ ಆಗುದಿಲ್ಲ. ಇನ್ನೊಬ್ಬರ ಮನೆ ಒಡೆದು ನನ್ನ ಮನೆ ಮಾರುದು ಬೇಡ."

ಅವಳು ವಯಸ್ಕಳು, ಸ್ವಂತ ಸಂಬಳವಿದೆ, ಯಾರ ಒಪ್ಪಿಗೆಯೂ ಕಾನೂನಿನಲ್ಲಿ ಬೇಕಿಲ್ಲ ಎಂದೆ.

"ಕಾನೂನು ನಂಗೂ ಗೊತ್ತುಂಟು ಮೇಡಂ" ಎಂದರು ರಾಯರು. "ಹೊರಗಿನವರಿಗಾದ್ರೆ ನಾನು ಎಂತದೂ ಕೇಳ್ತಿರ್ಲಿಲ್ಲ. ನಮ್ಮವರಲ್ವಾ, ಹಾಗೆ."

ತಿಂಗಳೊಳಗೆ ಆ ಮನೆ ನಾಶಿಕ್ ಕಡೆಯ ದಂಪತಿಗೆ ಹೋಯಿತು. ಅವರನ್ನು ಯಾರೂ ಹಿರಿಯರೆಲ್ಲಿ ಎಂದು ಕೇಳಿರಲಾರರು.

ರಾಯರ ಫೋನ್ ಬಂದ ಮರುದಿನ, ಶನಿವಾರ, ಸುಮತಿ ಡೊಂಬಿವಲಿಯ ನನ್ನ ಆಫೀಸಿಗೆ ಬಂದಳು. ಲ್ಯಾಬಿನಿಂದ ನೇರ ಬಂದಿರಬೇಕು, ಸ್ಪಿರಿಟ್ಟಿನ ವಾಸನೆ ಇತ್ತು. ಕೂರಲಿಲ್ಲ.

"ಫೈಲು ಕೊಡಿ ಮೇಡಂ" ಎಂದಳು.

ನಾಲ್ಕು ಭಾನುವಾರ ನಾನು ಅವಳಿಗೆ ಅಕ್ಕ ಆಗಿದ್ದೆ. ಫೈಲು ಕೊಡುತ್ತ ನಾನು ಹೇಳಿದೆ: "ಪ್ರಭಾಕರರಿಗೆ ಮೊದಲೇ ಯಾರಿಂದಲೋ ಗೊತ್ತಾಗಿತ್ತಂತೆ ಸುಮತಿ. ನಾನು ಹೋದಾಗ ಅವರೇ ವಿಷಯ ತೆಗೆದರು."

"ಹೌದಾ" ಎಂದಳು. ಹೊರಟುಹೋದಳು.

ಆ ಸುಳ್ಳಿಗೆ ನನ್ನ ಹತ್ತಿರ ಸಿದ್ಧತೆ ಇರಲಿಲ್ಲ, ಬಾಯಿಗೆ ಬಂದದ್ದು. ಆದರೆ ಹೇಳಿದ ಮೇಲೆ ಅದು ನನ್ನಲ್ಲೇ ಬೇರು ಬಿಟ್ಟಿತು. ಒಂದು ವರ್ಷದೊಳಗೆ ನನಗೇ ಹಾಗೆ ನೆನಪಾಗತೊಡಗಿತು. ನಾನು ಹೋಟೆಲಿನ ಮೆಟ್ಟಿಲು ಹತ್ತುತ್ತೇನೆ, ಪ್ರಭಾಕರರು "ಅಂಬರನಾಥದ್ದು ಎಂತ ಮೇಡಂ?" ಎಂದು ಕೇಳುತ್ತಾರೆ. ಅವರ ದನಿ ಕೂಡ ಕೇಳಿಸುತ್ತಿತ್ತು. ಗಂಡನಿಗೆ ಇದನ್ನು ಎರಡು ಸಲ ಹಾಗೆಯೇ ಹೇಳಿದ್ದೇನೆ. 2024ರ ಆರಂಭದಲ್ಲಿ ಬೇರೇನೋ ಹುಡುಕುವಾಗ ಹಳೆಯ ದಿನಚರಿಯ ಆ ಪುಟ ತೆರೆಯದೇ ಇದ್ದಿದ್ದರೆ ಇಂದಿಗೂ ಅದನ್ನೇ ನಂಬಿರುತ್ತಿದ್ದೆ.

2024ರ ಮಳೆಗಾಲಕ್ಕೆ ಮೊದಲು ಬ್ಯಾಂಕಿನಿಂದ ಒಂದು ಫೈಲು ಬಂತು. ಘೋಡಬಂದರ್ ರಸ್ತೆಯ ಎರಡೂವರೆ ಬಿಎಚ್‌ಕೆ. ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ವರ್ಗಾಯಿಸುವಾಗ ಹೊಸದಾಗಿ ಮೌಲ್ಯಮಾಪನ ಆಗಬೇಕು, ಅದಕ್ಕಾಗಿ. ಮಾಲೀಕರು ಪ್ರಭಾಕರ ಮತ್ತು ಅವರ ಹೆಂಡತಿ. ಸಾಲದ ಸಹ ಅರ್ಜಿದಾರಳು ಸುಮತಿ. ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಮನೆಯ ಒಡೆತನದಲ್ಲಿ ಪಾಲಿಲ್ಲದವರೂ ಸಾಲಕ್ಕೆ ಜೊತೆಯಾಗಿ ಸಹಿ ಹಾಕಬಹುದು. ಅವರ ಸಂಬಳ ನೋಡಿ ಬ್ಯಾಂಕು ಹೆಚ್ಚು ಸಾಲ ಕೊಡುತ್ತದೆ. ಆ ಸಾಲ ತೀರುವವರೆಗೆ ಅಂಥವರಿಗೆ ತಮ್ಮದೇ ಮನೆಗೆಂದು ಬೇರೆ ಸಾಲ ಸಿಗುವುದು ಕಷ್ಟ. ಇದು ಹದಿನೆಂಟು ವರ್ಷದ ಸಾಲ. ಸುಮತಿಗೆ ನಲವತ್ತಾರು.

ಪರಿಚಯದವರ ಫೈಲನ್ನು ವ್ಯಾಲ್ಯುಯರ್ ವಾಪಸು ಕಳುಹಿಸಬೇಕು. ನಾನು ಕಳುಹಿಸಲಿಲ್ಲ.

ಪ್ರಭಾಕರರು ಹೋಟೆಲಿನಲ್ಲಿದ್ದರು. ಬಾಗಿಲು ತೆರೆದದ್ದು ಸುಮತಿಯೇ. ಕೂದಲು ನರೆತಿತ್ತು. "ಬನ್ನಿ ಮೇಡಂ" ಎಂದಳು, ಬ್ಯಾಂಕಿನಿಂದ ಬಂದ ಯಾರಿಗಾದರೂ ಹೇಳುವಂತೆ. ನಾನು ಹಾಲು, ಎರಡು ಬೆಡ್‌ರೂಮು ಅಳೆದೆ. ಕೊನೆಗೆ ಆ ಅರ್ಧ ಕೋಣೆ. ಬಿಲ್ಡರುಗಳ ಭಾಷೆಯಲ್ಲಿ ಅರ್ಧವೆಂದರೆ ಸ್ಟಡಿಗೋ ಪೂಜೆಗೋ ಆಗುವ ಚಿಕ್ಕ ಕೋಣೆ. ಒಂಬತ್ತು ಅಡಿ ಉದ್ದ, ಏಳಡಿ ಅಗಲ. ಗೋಡೆಗೆ ಒತ್ತಿ ಒಂದು ಮಂಚ, ಅದರ ಮೇಲೆ ಅವಳ ಲ್ಯಾಬಿನ ಚೀಲ. ಆಚೆ ಕೊನೆಗೆ ಬಟ್ಟೆ ಒಗೆಯುವ ಮಷೀನಿರುವ ಬಾಲ್ಕನಿ. ಅಲ್ಲಿಗೆ ಹೋಗಲು ಇದೊಂದೇ ದಾರಿ. ನಕ್ಷೆಯಲ್ಲಿ ಕೋಣೆಗೆ ಬಾಗಿಲಿತ್ತು. ಚೌಕಟ್ಟಿನಲ್ಲಿ ಕೀಲು ಬಿಚ್ಚಿದ ತೂತುಗಳು ಮಾತ್ರ ಇದ್ದವು.

"ಬಾಗಿಲು?" ಎಂದೆ.

"ಬಟ್ಟೆ ಬುಟ್ಟಿ ಹಿಡ್ಕೊಂಡು ಹೋಗ್ಲಿಕ್ಕೆ ಅಡ್ಡ ಆಗ್ತಿತ್ತು. ಅಣ್ಣ ತೆಗೆಸಿದ."

ನಾನು ಟೇಪು ಸುತ್ತಿದೆ. ಎರಡು ವರ್ಷದ ಹಿಂದೆ ಹೇಳಬೇಕಿದ್ದದ್ದನ್ನು ಹೇಳಿದೆ. "ಸುಮತಿ, ಅವತ್ತು ನಾನು ಸುಳ್ಳು ಹೇಳಿದೆ. ಅಣ್ಣನಿಗೆ ಹೇಳಿದ್ದು ನಾನೇ."

"ಗೊತ್ತುಂಟು ಮೇಡಂ. ಅಣ್ಣ ಅವತ್ತೇ ಹೇಳಿದ್ದ. ಮೇಡಂ ಒಳ್ಳೆಯವರು, ಅವರು ಹೇಳದಿದ್ರೆ ನಮ್ಮ ಮನೆ ಏನಾಗ್ತಿತ್ತು ಅಂತ."

ಆಗ ಅಣ್ಣನ ಮಗಳು ಫೋನ್ ನೋಡುತ್ತಲೇ ಒಳಗೆ ಬಂದಳು. "ಅತ್ತೆ, ಥೋಡಾ ಸರ್ಕೋ ನಾ, ಮಷೀನ್ ಹೋ ಗಯಾ." ಮಷೀನು ನಿಂತಿದೆ, ಸ್ವಲ್ಪ ಸರಿ ಎಂದು. ಸುಮತಿ ಮಂಚದ ಕಡೆ ಸರಿದಳು. ನಾನೂ ಸರಿದೆ. ಹುಡುಗಿ ನಮ್ಮಿಬ್ಬರ ನಡುವೆ ಹಾದು ಬಟ್ಟೆ ತಂದು, ಮತ್ತೆ ನಮ್ಮಿಬ್ಬರ ನಡುವೆ ಹಾದುಹೋದಳು.

"ಸಕ್ಕರೆ ಹಾಕ್ಲಾ ಮೇಡಂ ಕಾಫಿಗೆ?" ಎಂದಳು ಸುಮತಿ.

ಆಫೀಸಿಗೆ ಬಂದು ವರದಿ ಬರೆಯಲು ಕುಳಿತಾಗ ನನಗೆ ಏನಾಯಿತೆಂದು ಸರಿಯಾಗಿ ಹೇಳಲಾರೆ. ಪಶ್ಚಾತ್ತಾಪವೋ ಸಿಟ್ಟೋ. ಷರಾ ಕಾಲಮ್ಮಿನಲ್ಲಿ ಬರೆದೆ: ಚಿಕ್ಕ ಕೋಣೆಯನ್ನು ಕುಟುಂಬದ ಸದಸ್ಯೆಯೊಬ್ಬರ ಮಲಗುವ ಕೋಣೆಯಾಗಿ ಬಳಸಲಾಗುತ್ತಿದೆ, ನಕ್ಷೆಯಲ್ಲಿರುವ ಬಾಗಿಲನ್ನು ತೆಗೆಯಲಾಗಿದೆ, ಬಾಲ್ಕನಿಗೆ ಈ ಕೋಣೆಯ ಮೂಲಕವೇ ಓಡಾಟ, ಆದ್ದರಿಂದ ಇದನ್ನು ಸ್ವತಂತ್ರ ಕೋಣೆಯೆಂದು ಪರಿಗಣಿಸಲಾಗದು. ಪ್ರತಿಯೊಂದು ಶಬ್ದವೂ ಸತ್ಯ. ಬರೆದು ಮುಗಿಸಿದಾಗ ಮನಸ್ಸು ಹಗುರಾದಂತಾಯಿತು. ಕೊನೆಗೂ ಅವಳ ಪರವಾಗಿ ಒಂದು ಮಾತು ಕಾಗದದಲ್ಲಿ ಬಂತಲ್ಲ ಎಂದುಕೊಂಡೆ.

ಆರನೇ ದಿನ ಸುಮತಿಯ ಫೋನ್ ಬಂತು. ಲ್ಯಾಬಿನಿಂದ ಮಾಡಿದ್ದಳು, ಹಿಂದೆ ಯಾವುದೋ ಯಂತ್ರದ ಗುಂಯ್ ಎಂಬ ಸದ್ದು.

"ಮೇಡಂ, ಆ ಸಾಲು ತೆಗೀರಿ. ಬ್ಯಾಂಕಿನವರು ಅಣ್ಣನನ್ನು ಕರೆದು ಕೇಳಿದ್ರಂತೆ, ಮನೆಯಲ್ಲಿ ಯಾರು ಎಲ್ಲಿ ಮಲಗುದು ಅಂತ. ಎರಡು ದಿನ ಆಯ್ತು ಅವ ಊಟ ಮಾಡದೆ. ಅತ್ತಿಗೆ ನನ್ನ ಹತ್ರ ಮಾತಾಡುದಿಲ್ಲ. ನಾನು ಹೇಳಿ ಬರೆಸಿದ್ದು ಅಂತ ಅವರ ಲೆಕ್ಕ."

"ಇದ್ದದ್ದನ್ನೇ ಬರೆದೆ ಸುಮತಿ. ನಿನಗಾಗಿ…"

"ನನ್ನನ್ನು ಕೇಳಿದ್ರಾ?"

ಅವಳೇ ಮುಂದುವರಿಸಿದಳು, ದನಿ ಏರಿಸದೆ. "ಆವಾಗಲೂ ಕೇಳ್ಲಿಲ್ಲ. ಈಗಲೂ ಕೇಳ್ಲಿಲ್ಲ. ನಂಗೆ ಯಾವುದು ಒಳ್ಳೇದು ಅಂತ ಅಣ್ಣನಿಗೆ ಗೊತ್ತುಂಟು, ರಾಯರಿಗೆ ಗೊತ್ತಿತ್ತು, ನಿಮಗೂ ಗೊತ್ತುಂಟು. ನನ್ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತುಂಟು. ನಾನು ಈ ಮನೆಯಲ್ಲೇ ಇರ್ಬೇಕು ಮೇಡಂ. ನೀವು ಬರೆದು ಹೋಗ್ತೀರಿ."

ಸಾಲು ತೆಗೆದೆ. ಬಾಗಿಲಿಲ್ಲದ್ದನ್ನು ಮಾತ್ರ ಉಳಿಸಿ, ಅಲ್ಲಿ ಯಾರು ಮಲಗುತ್ತಾರೆಂಬುದನ್ನು ಬಿಟ್ಟು ತಿದ್ದಿದ ವರದಿ ಕಳುಹಿಸಿದೆ. ಆ ಫೈಲನ್ನು ನಾನು ಮುಟ್ಟಲೇಬಾರದಿತ್ತು ಎಂದು ಬ್ಯಾಂಕಿಗೆ ಪತ್ರ ಬರೆದು, ಮುಂದಿನ ಮೂರು ತಿಂಗಳು ಅವರ ಕೆಲಸದಿಂದ ಹೊರಗುಳಿದೆ.

ಇಪ್ಪತ್ತಾರು ವರ್ಷ ನಾನು ಇತರರ ಮನೆಗಳ ಒಳಗೆ ಟೇಪು ಹಿಡಿದು ಓಡಾಡಿದೆ. ಕಪಾಟು ತೆರೆದು ತೇವ ನೋಡಿದೆ, ಮಂಚ ಸರಿಸಿ ಬಿರುಕು ನೋಡಿದೆ. ಹೀಗೆ ಒಳಗೆ ಬಿಟ್ಟುಕೊಂಡವರ ಬದುಕಿನ ಬಗ್ಗೆ ಅವರಿಗಿಂತ ನನಗೆ ಹೆಚ್ಚು ತಿಳಿದಿದೆ ಎಂಬ ಭ್ರಮೆ ಈ ವೃತ್ತಿಯಲ್ಲಿ ಸುಲಭವಾಗಿ ಹತ್ತುತ್ತದೆ. ವೈದ್ಯರಿಗೂ ವಕೀಲರಿಗೂ ಹತ್ತುತ್ತದೋ ಏನೋ. ಒಬ್ಬರ ವಿಷಯವನ್ನು ಅವರ ಪರವಾಗಿ ಇನ್ನೊಬ್ಬರಿಗೆ ಹೇಳುವ ಮೊದಲು ಅವರನ್ನು ಕೇಳಬೇಕು. ಒಳ್ಳೆಯದಕ್ಕಾಗಿ ಹೇಳುವುದಾದರೆ ಎರಡು ಸಲ ಕೇಳಬೇಕು. ಇದನ್ನು ಕಲಿಯಲು ನನಗೆ ತಗುಲಿದ ಖರ್ಚನ್ನು ತೆತ್ತವಳು ಸುಮತಿ.

ಆದ್ದರಿಂದ ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಅವಳಿಗೆ ಕಳುಹಿಸಿದೆ. ಬೇಡವೆಂದರೆ ಹರಿದುಹಾಕುತ್ತೇನೆ ಎಂದೂ ಬರೆದೆ. ಹನ್ನೆರಡು ದಿನ ಉತ್ತರ ಬರಲಿಲ್ಲ. ಹದಿಮೂರನೇ ದಿನ ಸಂಜೆ, ಅವಳು ವಾಶಿಯಿಂದ ಠಾಣೆಯ ಗಾಡಿಯಲ್ಲಿ ಇರುವ ಹೊತ್ತಿಗೆ, ಮೊಬೈಲಿಗೆ ಎರಡು ಸಾಲು ಬಂತು.

"ನನ್ನ ಹೆಸರು, ಅಣ್ಣನ ಹೆಸರು, ಹೋಟೆಲಿನ ಗುರುತು ಬದಲಿಸಿ. ಅಂಬರನಾಥದ ಮನೆ ಮಾತ್ರ ಇದ್ದ ಹಾಗೇ ಬರೀರಿ, ಅದರಲ್ಲಿ ಎಂತದೂ ಬದಲಿಸ್ಬೇಡಿ."